ಯಾವ ಫ್ಯಾಕ್ಟರಿ ಎಂಬುದನ್ನು ಕ್ಲಾಸನ್ನೇ ಕೇಳಬೇಕು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಗುಮಾಸ್ತರು ಕಳೆದ ಹಂಗಾಮಿನಲ್ಲಿ ಹುಬ್ಬಳ್ಳಿಯ ನಮ್ಮ ಕಚೇರಿಗೆ ಫೋನ್ ಮಾಡಿ, "ಸಾಹೇಬ್ರ, ಲಾಟ್ ಎಲ್ಲಾ ಬಂದಾವ್ರಿ, ತೂಕಾನೂ ಸರಿ ಐತ್ರಿ, ಆದ್ರ ಯಾವ ಕೋಣ್ಯಾಗ ಇಟ್ಟೀವಿ ಅನ್ನೂದ ಒಂದ್ರಾಗೂ ಇಲ್ರಿ" ಎಂದು ಹೇಳಿದಾಗ, ತಪ್ಪು ಅವರ ಎಕ್ಸೆಲ್ ಹಾಳೆಯಲ್ಲೇ ಇರಬೇಕೆಂದು ನಾನು ಸಲೀಸಾಗಿ ನಂಬಿಬಿಟ್ಟೆ. ಹಾಳೆಯನ್ನು ತರಿಸಿ ನೋಡಿದರೆ ಕೋಣೆ ಸಂಖ್ಯೆಯ ಕಾಲಂ ಮೇಲಿನಿಂದ ಕೆಳಗಿನವರೆಗೆ ತುಂಬಿತ್ತು. ನಮ್ಮ ತಂತ್ರಾಂಶ ಎಲ್ಲಿಯೂ ದೋಷ ತೋರಿಸಿರಲಿಲ್ಲ, ಲಾಗ್‌ನಲ್ಲಿ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ಎಂಟು ದಿನಗಳ ಮೇಲೆ, ಅದೂ ಬೇರೆ ಕೆಲಸ ಮಾಡುವಾಗ ಆಕಸ್ಮಿಕವಾಗಿ, ಕಾರಣ ಸಿಕ್ಕಿತು. ಆ ಲಾಟ್‌ಗಳ ಆಬ್ಜೆಕ್ಟುಗಳನ್ನು (ತಂತ್ರಾಂಶದೊಳಗೆ ಒಂದೊಂದು ಲಾಟನ್ನು ಪ್ರತಿನಿಧಿಸುವ ವಸ್ತುಗಳನ್ನು) ನಾವು ತಪ್ಪು ಫ್ಯಾಕ್ಟರಿಯಿಂದ ಮಾಡಿಸಿಕೊಂಡಿದ್ದೆವು; ಫ್ಯಾಕ್ಟರಿ ಎಂದರೆ ಇಲ್ಲಿ ಆಬ್ಜೆಕ್ಟ್ ಮಾಡಿ ಕೊಡುವ ಪ್ರೋಗ್ರಾಂ ಭಾಗ. ಇಷ್ಟು ಸಣ್ಣದೆಂದು ಕಾಣುವ ವಿಷಯಕ್ಕೆ ಇಷ್ಟುದ್ದದ ಬರಹವೇಕೆ ಎಂದು ಕೇಳುವವರಿದ್ದಾರೆ. ಆದರೆ ನಾನು ನೋಡಿದ ಮಾದರಿ-ಚಾಲಿತ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಇದೇ ಜಾಗದಲ್ಲಿ ಎಡವಿವೆ, ಮತ್ತು ಎಡವಿದ್ದು ಜ್ಞಾನವಿಲ್ಲದೆ ಅಲ್ಲ, ಮಾದರಿಗೆ ಆಗಲೇ ಗೊತ್ತಿರುವುದನ್ನು ಕೈಯಿಂದ ಮತ್ತೊಮ್ಮೆ ಬರೆಯಲು ಹೋಗಿ ಎಂಬುದು ನನ್ನ ಅಭಿಪ್ರಾಯ.

ಈ ಕ್ಷೇತ್ರದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಮೊದಲು ಮಾದರಿಯನ್ನು ಬರೆದು, ಅದರಿಂದ ಯಂತ್ರವೇ ಪ್ರೋಗ್ರಾಂ ಹುಟ್ಟಿಸಬೇಕೆಂಬ ವಿಚಾರವನ್ನು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನದಂಡ ಸಂಸ್ಥೆ 2001ರಲ್ಲಿ ಮಾದರಿ-ಚಾಲಿತ ವಿನ್ಯಾಸ (ಮಾಡೆಲ್ ಡ್ರಿವನ್ ಆರ್ಕಿಟೆಕ್ಚರ್) ಎಂಬ ಹೆಸರಿನಲ್ಲಿ ಮುಂದಿಟ್ಟಿತು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೋಕದಲ್ಲಿ ಅದನ್ನು ದಿನಬಳಕೆಗೆ ತಂದದ್ದು, ಐಬಿಎಂನಿಂದ ಪ್ರೋಗ್ರಾಂ ಬರೆಯುವ ವೇದಿಕೆಯಾದ ಎಕ್ಲಿಪ್ಸ್‌ಗೆ ಬಂದ ಇಎಂಎಫ್, ಅಂದರೆ ಎಕ್ಲಿಪ್ಸ್ ಮಾಡೆಲಿಂಗ್ ಫ್ರೇಮ್‌ವರ್ಕ್. ಅದರಲ್ಲಿ ಇಕೋರ್ ಎಂಬ ಮಾದರಿಯನ್ನು ನಾವು ಬರೆಯುತ್ತೇವೆ. ಅದರಲ್ಲಿನ ಪ್ರತಿಯೊಂದು ಕ್ಲಾಸಿಗೆ, ಅಂದರೆ ಒಂದು ಬಗೆಯ ವಸ್ತುವಿನ ಅಚ್ಚಿಗೆ, ಹೊರಗೆ ಕಾಣುವ ಮುಖವಾದ ಒಂದು ಇಂಟರ್‌ಫೇಸ್, ಅದರ ಹಿಂದೆ ಹೆಸರಿಗೆ ಇಂಪ್ಲ್ ಎಂದು ಬಾಲ ಹಚ್ಚಿದ ಒಂದು ಜಾವಾ ಕ್ಲಾಸ್ ತಾನಾಗಿ ಹುಟ್ಟುತ್ತವೆ. ಇವೆಲ್ಲವುಗಳ ಜೊತೆಗೆ ಪ್ರತಿ ಪ್ಯಾಕೇಜಿಗೆ, ಅಂದರೆ ಕ್ಲಾಸುಗಳ ಗುಂಪಿಗೆ, ಒಂದರಂತೆ ಫ್ಯಾಕ್ಟರಿಯೂ ಹುಟ್ಟುತ್ತದೆ. ಇಂಪ್ಲ್ ಕ್ಲಾಸಿನ ಕನ್‌ಸ್ಟ್ರಕ್ಟರ್ (ಹೊಸ ಆಬ್ಜೆಕ್ಟ್ ಹುಟ್ಟಿಸುವ ಭಾಗ) ಸಾಮಾನ್ಯವಾಗಿ ಪ್ರೊಟೆಕ್ಟೆಡ್, ಅಂದರೆ ಹೊರಗಿನವರಿಗೆ ಮುಚ್ಚಿದ್ದು, ಆಗಿರುವುದರಿಂದ, ಹೊರಗಿನವರು ಹೊಸ ಆಬ್ಜೆಕ್ಟ್ ಬೇಕೆಂದರೆ ಆ ಫ್ಯಾಕ್ಟರಿಯ ಬಾಗಿಲಿಗೇ ಹೋಗಬೇಕು.

ನಮ್ಮ ಮಾದರಿಯಲ್ಲಿ ಎರಡು ಪ್ಯಾಕೇಜುಗಳಿದ್ದವು. ಮೊದಲನೆಯದು ಮಾರುಕಟ್ಟೆ: ಅದರಲ್ಲಿ ಮೆಣಸಿನಕಾಯಿ ಎಂಬ ಅಮೂರ್ತ ಕ್ಲಾಸ್, ಅದರ ಕೆಳಗೆ ಡಬ್ಬಿ ಮತ್ತು ಕಡ್ಡಿ, ನಂತರ ಲಾಟ್, ಆಮೇಲೆ ಖರೀದಿದಾರ. (ಡಬ್ಬಿ ಎಂದರೆ ಗಿಡ್ಡಗೆ ದುಂಡಗೆ ಸುಕ್ಕುಗಟ್ಟಿದ್ದು, ಕಡ್ಡಿ ಎಂದರೆ ಸಪೂರ ಉದ್ದನೆಯದು, ಇವೆರಡನ್ನೂ ಒಂದೇ ಕ್ಲಾಸಿನಲ್ಲಿಟ್ಟು ಒಂದು ಗುಣವಾಗಿ ತೋರಿಸಬಹುದಿತ್ತು ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.) ಎರಡನೆಯ ಪ್ಯಾಕೇಜು ದಾಸ್ತಾನು: ಅದರಲ್ಲಿ ಕೋಲ್ಡ್ ಸ್ಟೋರೇಜ್, ಕೋಣೆ, ಬಾಡಿಗೆ ಚೀಟಿ, ಮತ್ತು ಮಾರುಕಟ್ಟೆಯ ಲಾಟ್‌ನಿಂದಲೇ ಇಳಿದು ಬಂದ ದಾಸ್ತಾನು-ಲಾಟ್. ಕೋಣೆಯ ಸಂಖ್ಯೆ, ಇಟ್ಟ ದಿನಾಂಕ ಮುಂತಾದವು ಈ ಕೊನೆಯ ಕ್ಲಾಸಿಗೆ ಮಾತ್ರ ಸೇರಿದವು.

ಎಕ್ಸೆಲ್ ಹಾಳೆಯಿಂದ ಮಾಹಿತಿ ಎಳೆದುಕೊಳ್ಳುವ ಭಾಗವನ್ನು ಬರೆದವರು, ಯಾವ ಕ್ಲಾಸಿಗೆ ಯಾವ ಫ್ಯಾಕ್ಟರಿ ಎಂಬ ಕೋಷ್ಟಕವೊಂದನ್ನು ಕೈಯಾರೆ ತಯಾರಿಸಿದ್ದರು. ದಾಸ್ತಾನು-ಲಾಟ್ ಲಾಟ್‌ನ ಮಗುವಾದ್ದರಿಂದ ತಾಯಿಯ ಫ್ಯಾಕ್ಟರಿಯೇ ಮಗುವಿಗೂ ಸಲ್ಲುತ್ತದೆ ಎಂದು ಭಾವಿಸಿ, ಅದರ ಎದುರಿಗೆ ಮಾರುಕಟ್ಟೆಯ ಫ್ಯಾಕ್ಟರಿಯನ್ನು ಬರೆದಿದ್ದರು. ತರ್ಕ ಕೇಳಲು ಚೆನ್ನಾಗಿದೆ, ಆದರೆ ಇಎಂಎಫ್‌ನಲ್ಲಿ ಫ್ಯಾಕ್ಟರಿ ವಂಶವನ್ನು ನೋಡುವುದಿಲ್ಲ, ಊರನ್ನು ನೋಡುತ್ತದೆ. ಕ್ಲಾಸ್ ಯಾವ ಪ್ಯಾಕೇಜಿನಲ್ಲಿ ಹುಟ್ಟಿದೆಯೋ ಆ ಪ್ಯಾಕೇಜಿನ ಫ್ಯಾಕ್ಟರಿಗೆ ಮಾತ್ರ ಅದನ್ನು ಮಾಡಲು ಬರುತ್ತದೆ. ತಾಯಿ ಬೇರೆ ಪ್ಯಾಕೇಜಿನಲ್ಲಿದ್ದರೂ ಅಷ್ಟೇ, ಉಪಪ್ಯಾಕೇಜಿನಲ್ಲಿದ್ದರೂ ಅಷ್ಟೇ. ಉಪಪ್ಯಾಕೇಜಿಗೂ ತನ್ನದೇ ಫ್ಯಾಕ್ಟರಿ, ತನ್ನದೇ ಎನ್‌ಎಸ್ ಯುಆರ್‌ಐ (ಪ್ಯಾಕೇಜನ್ನು ಗುರುತಿಸುವ ವಿಳಾಸದಂಥ ಹೆಸರು) ಇರುತ್ತದೆ.

ಹಾಗಿದ್ದರೆ ಮಾರುಕಟ್ಟೆಯ ಫ್ಯಾಕ್ಟರಿ ತಕ್ಷಣ ದೋಷ ತೋರಿಸಿ ನಿಲ್ಲಬೇಕಿತ್ತಲ್ಲ ಎಂದು ನಿಮಗನ್ನಿಸಿದರೆ, ನನಗೂ ಹಾಗೇ ಅನ್ನಿಸಿತ್ತು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ ಭಾಗ. ಜನರೇಟ್ ಆದ, ಅಂದರೆ ಮಾದರಿಯಿಂದ ತಾನಾಗಿ ಹುಟ್ಟಿದ, ಫ್ಯಾಕ್ಟರಿಯಲ್ಲಿ ಆಬ್ಜೆಕ್ಟ್ ಮಾಡುವ ಕ್ರಿಯೇಟ್ ಮೆಥಡ್ಡನ್ನು ತೆರೆದು ನೋಡಿ: ಅಲ್ಲಿ ಸಂಖ್ಯೆ ನೋಡಿ ಕವಲೊಡೆಯುವ ಒಂದು ಸ್ವಿಚ್ ಇದೆ, ಅದು ಕೈಗೆ ಬಂದ ಇ-ಕ್ಲಾಸಿನ (ಮಾದರಿಯಲ್ಲಿ ಬರೆದ ಕ್ಲಾಸಿನ ವಿವರಣೆಯ) ಕ್ರಮಸಂಖ್ಯೆಯನ್ನು ಮಾತ್ರ ನೋಡುತ್ತದೆ. ಆ ಸಂಖ್ಯೆ ಪ್ಯಾಕೇಜಿನೊಳಗೆ ಕ್ಲಾಸ್ ಎಷ್ಟನೆಯ ಸ್ಥಾನದಲ್ಲಿದೆ ಎಂಬುದಷ್ಟೇ, ಮತ್ತು ಪ್ರತಿ ಪ್ಯಾಕೇಜಿನಲ್ಲೂ ಅದು 0ಯಿಂದ ಶುರುವಾಗುತ್ತದೆ. ಈ ಇ-ಕ್ಲಾಸ್ ನನ್ನ ಪ್ಯಾಕೇಜಿನದೇ ಎಂಬ ಪ್ರಶ್ನೆಯನ್ನು ಮೂಲ ಫ್ಯಾಕ್ಟರಿ ಕ್ಲಾಸು ಕೇಳುತ್ತದೆ, ಆದರೆ ಜನರೇಟ್ ಆದ ಮೆಥಡ್ ಅದನ್ನು ಮುಚ್ಚಿ ತನ್ನ ಸ್ವಿಚ್ಚನ್ನು ಮೇಲೆ ತಂದುಬಿಡುತ್ತದೆ. ಸಂಖ್ಯೆಗೆ ಹೊಂದುವ ಯಾವ ಕವಲೂ ಇಲ್ಲದಿದ್ದಾಗ ಮಾತ್ರ, ಇದು ಸರಿಯಾದ ಕ್ಲಾಸಲ್ಲ ಎಂಬ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್ (ದೋಷಸೂಚನೆ) ಬರುತ್ತದೆ.

ನಮ್ಮ ದುರದೃಷ್ಟಕ್ಕೆ ದಾಸ್ತಾನು ಪ್ಯಾಕೇಜಿನಲ್ಲಿ ದಾಸ್ತಾನು-ಲಾಟ್‌ನ ಸಂಖ್ಯೆ 3, ಮಾರುಕಟ್ಟೆ ಪ್ಯಾಕೇಜಿನಲ್ಲಿ ಲಾಟ್‌ನ ಸಂಖ್ಯೆಯೂ 3. ಹೀಗಾಗಿ ದಾಸ್ತಾನು-ಲಾಟ್ ಬೇಕೆಂದು ಕೇಳಿದಾಗ ಫ್ಯಾಕ್ಟರಿ ಯಾವ ಅಳುಕೂ ಇಲ್ಲದೆ ಬರಿಯ ಲಾಟ್ ಒಂದನ್ನು ಮಾಡಿ ಕೊಟ್ಟಿತು. ಆಮದಾದದ್ದನ್ನು ಕೂಡಿಡುವ ಪಟ್ಟಿಗೆ ಬರಿಯ ಲಾಟ್ ಕೂಡ ಸೇರಬಹುದಾದ್ದರಿಂದ ಅಲ್ಲಿಯೂ ತಡೆಯಿರಲಿಲ್ಲ. ಕಾಲಂಗಳನ್ನು ತುಂಬುವ ಭಾಗವು ಆಬ್ಜೆಕ್ಟಿನ ಇ-ಕ್ಲಾಸನ್ನೇ ಕೇಳಿ, ಅದರಲ್ಲಿರುವ ಗುಣಗಳಿಗೆ ಮಾತ್ರ ಬೆಲೆ ತುಂಬುತ್ತಿದ್ದುದರಿಂದ, ತೂಕ ಮತ್ತು ತಳಿ ಸರಿಯಾಗಿ ಬಂದವು, ಕೋಣೆಯ ಸಂಖ್ಯೆಗೆ ಜಾಗವೇ ಇರಲಿಲ್ಲವಾದ್ದರಿಂದ ಅದು ಸದ್ದಿಲ್ಲದೆ ಬಿದ್ದುಹೋಯಿತು. ಎಂಟು ದಿನಗಳ ಮೇಲೆ ನಮ್ಮ ಸಹೋದ್ಯೋಗಿಯೊಬ್ಬರು, ಬ್ಯಾಡಗಿ ಪೇಟೆಗೆ ಆಂಧ್ರದ ಮಾಲೂ ಬರುತ್ತದೆಂದು, ಪಟ್ಟಿಯಲ್ಲಿ ಕಡ್ಡಿಯ ನಂತರ ಗುಂಟೂರು ಎಂಬ ಹೊಸ ಕ್ಲಾಸ್ ಸೇರಿಸಿ ಮತ್ತೆ ಜನರೇಟ್ ಮಾಡಿದರು. ಮಾರುಕಟ್ಟೆಯ 3ನೆಯ ಸಂಖ್ಯೆ ಈಗ ಲಾಟ್‌ನದಾಗಿರದೆ ಗುಂಟೂರಿನದಾಯಿತು. ಲಾಟ್ ಬರಬೇಕಾದ ಜಾಗಕ್ಕೆ ಮೆಣಸಿನಕಾಯಿ ಬಂದು ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್ ಕೂಗಿತು. ಅವರು ಆ ಕ್ಲಾಸನ್ನು ಎಲ್ಲಕ್ಕಿಂತ ಕೆಳಗೆ ಸೇರಿಸಿದ್ದರೆ ನಾವು ಇನ್ನೂ ಹುಡುಕುತ್ತಲೇ ಇರುತ್ತಿದ್ದೆವೇನೋ.

ಸರಿಯಾದ ದಾರಿ ಒಂದೇ ಸಾಲಿನದು. ಇ-ಕ್ಲಾಸ್ ಕೈಯಲ್ಲಿದ್ದರೆ ಅದರ ಪ್ಯಾಕೇಜನ್ನು ಅದನ್ನೇ ಕೇಳಬೇಕು, ಆ ಪ್ಯಾಕೇಜನ್ನು ಅದರ ಫ್ಯಾಕ್ಟರಿ ಯಾವುದೆಂದು ಕೇಳಬೇಕು, ಆ ಫ್ಯಾಕ್ಟರಿಗೆ ಅದೇ ಇ-ಕ್ಲಾಸನ್ನು ಕೊಡಬೇಕು. ಇಎಂಎಫ್‌ನ ಸಹಾಯಕ ಕ್ಲಾಸಾದ ಇಕೋರ್-ಯುಟಿಲ್‌ನಲ್ಲಿರುವ ಕ್ರಿಯೇಟ್ ಮಾಡುವುದೂ ಇಷ್ಟನ್ನೇ. ಕೋಷ್ಟಕ ಬೇಡ, ಹೆಸರು ನೋಡಿ ಕವಲೊಡೆಯುವ ಷರತ್ತುಗಳೂ ಬೇಡ. ಆದರೆ ಇದನ್ನು ಓದಿ ಎಲ್ಲ ಕಡೆಗೂ ಇದನ್ನೇ ಬಳಸಲು ಹೊರಟರೆ ಅದನ್ನೂ ನಾನು ಒಪ್ಪುವುದಿಲ್ಲ. ಪ್ರೋಗ್ರಾಂ ಬರೆಯುವಾಗಲೇ ನನಗೆ ಡಬ್ಬಿ ಬೇಕೆಂಬುದು ಗೊತ್ತಿದ್ದರೆ, ಮಾರುಕಟ್ಟೆ ಫ್ಯಾಕ್ಟರಿಯ ಇ-ಇನ್‌ಸ್ಟನ್ಸ್ (ಸಿದ್ಧವಾಗಿರುವ ಅದರ ಒಂದೇ ಪ್ರತಿ) ಹಿಡಿದು ಕ್ರಿಯೇಟ್-ಡಬ್ಬಿ ಎಂದು ನೇರವಾಗಿ ಕರೆಯುವುದೇ ಮೇಲು; ಅಲ್ಲಿ ತಪ್ಪಿದರೆ ಕಂಪೈಲರ್ ಹಿಡಿಯುತ್ತದೆ, ಬ್ಯಾಡಗಿಯಿಂದ ಫೋನ್ ಬರುವವರೆಗೆ ಕಾಯಬೇಕಾಗಿಲ್ಲ. ಕ್ಲಾಸ್ ಯಾವುದೆಂದು ಪ್ರೋಗ್ರಾಂ ನಡೆಯುವಾಗಷ್ಟೇ ತಿಳಿಯುವಲ್ಲಿ, ಉದಾಹರಣೆಗೆ ಆಮದು, ನಕಲು, ಎಡಿಟರ್ ಮುಂತಾದ ಕಡೆ ಮಾತ್ರ, ಇ-ಕ್ಲಾಸಿನಿಂದ ಹೋಗುವ ದಾರಿ ಬೇಕಾಗುತ್ತದೆ.

ಫ್ಯಾಕ್ಟರಿಯ ಗೊಡವೆಯೇ ಬೇಡವೆಂದು ಕೆಲವರು, ಪ್ರೋಗ್ರಾಂ ಹೇಗೆ ಹುಟ್ಟಬೇಕೆಂದು ಹೇಳುವ ಜೆನ್-ಮಾಡೆಲ್‌ನಲ್ಲಿ ಕನ್‌ಸ್ಟ್ರಕ್ಟರುಗಳನ್ನು ಪಬ್ಲಿಕ್ ಮಾಡಿಕೊಂಡು ಇಂಪ್ಲ್ ಕ್ಲಾಸನ್ನೇ ನೇರವಾಗಿ ನ್ಯೂ ಮಾಡುತ್ತಾರೆ, ಅಂದರೆ ಆಬ್ಜೆಕ್ಟನ್ನು ತಾವೇ ಹುಟ್ಟಿಸುತ್ತಾರೆ. ಇದರಿಂದ ಆಗುವ ನಷ್ಟ ಬೇಗ ಕಾಣುವುದಿಲ್ಲ. ಇಎಂಎಫ್‌ನಲ್ಲಿ ಫ್ಯಾಕ್ಟರಿ ಓವರ್‌ರೈಡ್ ಎಂಬ ಎಕ್ಸ್‌ಟೆನ್ಶನ್ ಪಾಯಿಂಟ್ ಇದೆ; ಬೇರೊಬ್ಬರು ನಿಮ್ಮ ಪ್ಯಾಕೇಜಿಗೆ ತಮ್ಮ ಫ್ಯಾಕ್ಟರಿಯನ್ನು ನೋಂದಾಯಿಸಿ, ಲಾಟ್‌ನ ಬದಲು ತಮ್ಮ ಹೆಚ್ಚುವರಿ ಗುಣಗಳಿರುವ ಲಾಟ್ ಬರುವಂತೆ ಮಾಡಬಹುದು. ನೇರವಾಗಿ ನ್ಯೂ ಮಾಡಿದ ಕಡೆಗಳಲ್ಲಿ ಆ ಬದಲಾವಣೆ ಮುಟ್ಟುವುದೇ ಇಲ್ಲ. ಇನ್ನು ಕೆಲವರು ಇಂಟರ್‌ಫೇಸಿನ ಹೆಸರಿಗೆ ಬಾಲ ಹಚ್ಚಿ, ಆ ಹೆಸರಿನ ಕ್ಲಾಸನ್ನು ರಿಫ್ಲೆಕ್ಷನ್‌ನಿಂದ ಹುಡುಕುತ್ತಾರೆ. ಆ ಹೆಸರಿನ ರೂಪವನ್ನು ಜೆನ್-ಮಾಡೆಲ್‌ನಲ್ಲಿ ಯಾರು ಬೇಕಾದರೂ ಬದಲಿಸಬಹುದು. ಎಕ್ಲಿಪ್ಸ್‌ನೊಳಗೆ ಪ್ರತಿ ಪ್ಲಗಿನ್‌ಗೆ ಬೇರೆ ಕ್ಲಾಸ್‌ಲೋಡರ್ (ಕ್ಲಾಸುಗಳನ್ನು ಹುಡುಕಿ ತರುವ ಭಾಗ) ಇರುವುದರಿಂದ, ಮನೆಯಲ್ಲಿ ಓಡಿದ್ದು ಅಲ್ಲಿ ಓಡದಿರುವುದೂ ಉಂಟು. ಈ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಬೇರೆಯಿದೆ. ಸರಿಯಾದ ದಾರಿ ಹಿಡಿದರೂ ತಪ್ಪು ಫ್ಯಾಕ್ಟರಿ ಸಿಗಬಹುದು, ಏಕೆಂದರೆ ಕೈಯಲ್ಲಿರುವ ಇ-ಕ್ಲಾಸೇ ನಮ್ಮದಲ್ಲದಿರಬಹುದು. ಡಿಸ್ಕಿನಲ್ಲಿರುವ ಇಕೋರ್ ಕಡತವನ್ನು ಸಾಮಾನ್ಯ ಕಡತದಂತೆ ಓದಿ, ಅದರಿಂದ ಲಾಟ್ ಎಂಬ ಇ-ಕ್ಲಾಸನ್ನು ತೆಗೆದುಕೊಂಡಿರಿ ಎಂದಿಟ್ಟುಕೊಳ್ಳಿ. ಅದರ ಹೆಸರು ಅದೇ, ಗುಣಗಳು ಅವೇ, ಎನ್‌ಎಸ್ ಯುಆರ್‌ಐ ಕೂಡ ಅದೇ. ಆದರೆ ಅದು ಕಡತ ಓದಿದಾಗ ಹುಟ್ಟಿದ ಇನ್ನೊಂದು ಪ್ರತಿ. ಅದರ ಪ್ಯಾಕೇಜಿಗೆ ಜನರೇಟ್ ಆದ ಫ್ಯಾಕ್ಟರಿಯ ಪರಿಚಯವೇ ಇಲ್ಲ, ಅದಕ್ಕಿರುವುದು ಇಎಂಎಫ್‌ನ ಸಾಮಾನ್ಯ ಫ್ಯಾಕ್ಟರಿ. ಅದು ಮಾಡಿ ಕೊಡುವುದು ಡೈನಾಮಿಕ್ ಆಬ್ಜೆಕ್ಟನ್ನು, ಅಂದರೆ ಜನರೇಟ್ ಆದ ಜಾವಾ ಕ್ಲಾಸಿಲ್ಲದ ಆಬ್ಜೆಕ್ಟನ್ನು. ಅದನ್ನು ನಮ್ಮ ಲಾಟ್ ಇಂಟರ್‌ಫೇಸಿಗೆ ಇಳಿಸಹೊರಟರೆ ಜಾವಾ ಒಪ್ಪುವುದಿಲ್ಲ. ನಾನಿರುವ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ಮಾಡುವ ರಾಷ್ಟ್ರಧ್ವಜದ ಮೇಲೆ ಮಾನಕ ಸಂಸ್ಥೆಯ ಗುರುತು ಇರುತ್ತದೆ. ಪೇಟೆಯಲ್ಲಿ ಅದೇ ಬಣ್ಣದ, ಅದೇ ಅಳತೆಯ ಬಟ್ಟೆ ಬೇಕಾದಷ್ಟು ಸಿಗುತ್ತದೆ, ಆ ಗುರುತು ಮಾತ್ರ ಇರುವುದಿಲ್ಲ. ಇಲ್ಲಿ ಆ ಗುರುತನ್ನು ನೋಡುವ ಜಾಗವೆಂದರೆ ಇ-ಪ್ಯಾಕೇಜಿನ ಜಾಗತಿಕ ರಿಜಿಸ್ಟ್ರಿ, ಅಂದರೆ ಪ್ಯಾಕೇಜುಗಳ ನೋಂದಣಿ ಪಟ್ಟಿ. ಅದಕ್ಕೆ ಎನ್‌ಎಸ್ ಯುಆರ್‌ಐ ಕೊಟ್ಟು ಪ್ಯಾಕೇಜನ್ನು ಪಡೆದು, ಅದರಲ್ಲಿ ಲಾಟ್ ಎಂದು ಹುಡುಕಿದರೆ ಜನರೇಟ್ ಆದ ಪ್ಯಾಕೇಜಿನ ಇ-ಕ್ಲಾಸ್ ಸಿಗುತ್ತದೆ, ಅಲ್ಲಿಂದ ಫ್ಯಾಕ್ಟರಿಯೂ ತಾನಾಗಿ ಸರಿಯಾದದ್ದೇ ಸಿಗುತ್ತದೆ.

ರಿಜಿಸ್ಟ್ರಿಯಲ್ಲಿ ಪ್ಯಾಕೇಜ್ ಇರಬೇಕಲ್ಲವೇ? ಎಕ್ಲಿಪ್ಸ್‌ನೊಳಗೆ ಪ್ಲಗಿನ್‌ನ ಘೋಷಣೆಯಿಂದ ಅದು ತಾನಾಗಿ ಸೇರುತ್ತದೆ. ಹೊರಗೆ, ಬರಿಯ ಮೇನ್ ಮೆಥಡ್ಡಿನಿಂದ ಅಥವಾ ಯುನಿಟ್ ಟೆಸ್ಟಿನಿಂದ ಓಡಿಸುವಾಗ, ಕಡತ ತೆರೆಯುವ ಮೊದಲು ಪ್ಯಾಕೇಜಿನ ಇ-ಇನ್‌ಸ್ಟನ್ಸನ್ನು ಒಮ್ಮೆ ನಾವೇ ಮುಟ್ಟಿ ಎಚ್ಚರಿಸಬೇಕು, ಇಲ್ಲದಿದ್ದರೆ ಆ ಯುಆರ್‌ಐನ ಪ್ಯಾಕೇಜ್ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಜೊತೆಗೆ ರಿಸೋರ್ಸ್ ಫ್ಯಾಕ್ಟರಿ ಎಂಬ ಇನ್ನೊಂದನ್ನೂ ನೋಂದಾಯಿಸಬೇಕು. ಅದು ಆಬ್ಜೆಕ್ಟ್ ಮಾಡುವುದಲ್ಲ, ಕಡತದ ವಿಸ್ತರಣೆ ನೋಡಿ ಅದನ್ನು ಓದುವವರನ್ನು ಆರಿಸುವುದು. ಹೆಸರಿನಲ್ಲಿ ಫ್ಯಾಕ್ಟರಿ ಎಂದಿರುವುದರಿಂದ ಹೊಸಬರು ಇವೆರಡನ್ನೂ ಒಂದೇ ಎಂದು ತಿಳಿದು ಅರ್ಧ ದಿನ ಕಳೆದುಕೊಳ್ಳುವುದನ್ನು ಮೂರು ಬಾರಿಯಾದರೂ ನೋಡಿದ್ದೇನೆ. ಆ ಮೂವರಲ್ಲಿ ಮೊದಲನೆಯವನು ನಾನೇ.

ಕೈಯಲ್ಲಿರುವುದು ಇ-ಕ್ಲಾಸ್ ಅಲ್ಲ, ಜಾವಾದ ಇಂಟರ್‌ಫೇಸ್ ಮಾತ್ರ ಎನ್ನುವ ಸಂದರ್ಭವೂ ಬರುತ್ತದೆ. ಇಂಟರ್‌ಫೇಸಿನಿಂದ ಇ-ಕ್ಲಾಸಿಗೆ ಇಎಂಎಫ್ ಸಿದ್ಧ ದಾರಿಯನ್ನು ಕೊಟ್ಟಿಲ್ಲ. ಪ್ಯಾಕೇಜಿನ ಒಂದೊಂದು ಕ್ಲಾಸನ್ನೂ ನೋಡುತ್ತಾ, ಅದರ ಇನ್‌ಸ್ಟನ್ಸ್ ಕ್ಲಾಸ್ (ಅದಕ್ಕೆ ಜೋಡಿಸಿರುವ ಜಾವಾ ರೂಪ) ನಮ್ಮ ಇಂಟರ್‌ಫೇಸೇ ಹೌದೇ ಎಂದು ಹೋಲಿಸಬೇಕು. ಪ್ಯಾಕೇಜು ಗೊತ್ತಿದ್ದರೆ ಇದು ಸುಲಭ. ಗೊತ್ತಿಲ್ಲವೆಂದು ಇಡೀ ರಿಜಿಸ್ಟ್ರಿಯನ್ನು ಸುತ್ತುವವರು ಒಂದು ಎಚ್ಚರ ವಹಿಸಬೇಕು: ಅಲ್ಲಿ ಅನೇಕ ಪ್ಯಾಕೇಜುಗಳು ಇನ್ನೂ ಏಳದೆ, ಬರಿಯ ವಿವರಣೆಯ ರೂಪದಲ್ಲಿ ಮಲಗಿರುತ್ತವೆ. ಒಂದನ್ನು ಎಬ್ಬಿಸಿದರೆ ಅದು ನೆಚ್ಚಿಕೊಂಡ ಪ್ಯಾಕೇಜುಗಳೂ ರಿಜಿಸ್ಟ್ರಿಗೆ ಸೇರಬಹುದು, ಆಗ ನಾವು ಸುತ್ತುತ್ತಿರುವ ಪಟ್ಟಿಯೇ ನಡುವೆ ಬದಲಾಗುತ್ತದೆ. ಆದ್ದರಿಂದ ಮೊದಲು ಯುಆರ್‌ಐಗಳ ನಕಲು ತೆಗೆದುಕೊಂಡು ಸುತ್ತಬೇಕು. ಇಷ್ಟೆಲ್ಲ ಮಾಡಬೇಕಾಗಿ ಬಂದರೆ, ವಿನ್ಯಾಸದಲ್ಲಿ ಎಲ್ಲೋ ಇ-ಕ್ಲಾಸನ್ನು ಬಿಟ್ಟುಕೊಟ್ಟು ಇಂಟರ್‌ಫೇಸನ್ನು ಮಾತ್ರ ಮುಂದೆ ದಾಟಿಸಿದ್ದೀರಿ ಎಂದೇ ನಾನು ಅನುಮಾನಿಸುತ್ತೇನೆ, ಮತ್ತು ಹುಡುಕಾಟವನ್ನು ಚುರುಕುಗೊಳಿಸುವ ಮೊದಲು ಆ ಜಾಗವನ್ನು ಸರಿಪಡಿಸಲು ಹೇಳುತ್ತೇನೆ.

ನಮ್ಮ ಕೋಷ್ಟಕವನ್ನು ಅಳಿಸಿ ಅದರ ಜಾಗದಲ್ಲಿ ಒಂದು ಸಾಲು ಬರೆದೆವು. ಕೋಷ್ಟಕ ಇದ್ದರೆ ಯಾವುದು ಎಲ್ಲಿದೆ ಎಂದು ಓದುವವರಿಗೆ ತಿಳಿಯುತ್ತದೆ ಎಂಬ ಆಕ್ಷೇಪ ತಂಡದಲ್ಲಿ ಬಂದಿತ್ತು. ಓದುವವರಿಗೆ ತಿಳಿಯಬೇಕಾದದ್ದು ಮಾದರಿಯಲ್ಲಿ ಇದೆ, ಮಾದರಿಯನ್ನು ಓದದವರು ಕೋಷ್ಟಕವನ್ನು ಓದಿದರೂ ಪ್ರಯೋಜನವಿಲ್ಲ ಎಂಬುದು ನನ್ನ ಉತ್ತರವಾಗಿತ್ತು, ಅವರಿಗದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಪ್ರೋಗ್ರಾಂ ಸರಿಯಾದ ಮೇಲೂ ಬ್ಯಾಡಗಿಯ ಹಳೆಯ ಲಾಟ್‌ಗಳಿಗೆ ಕೋಣೆಯ ಸಂಖ್ಯೆ ಬರಲಿಲ್ಲ. ಮಾಹಿತಿಯನ್ನು ಉಳಿಸಿಟ್ಟಿದ್ದ ಎಕ್ಸ್‌ಎಂಐ ಕಡತದಲ್ಲಿ ಅವು ಬರಿಯ ಲಾಟ್ ಎಂದೇ ಉಳಿದಿದ್ದವು, ಮತ್ತು ಕಡತವನ್ನು ತೆರೆದಾಗಲೆಲ್ಲ ಮಾರುಕಟ್ಟೆಯ ಫ್ಯಾಕ್ಟರಿ, ಈ ಬಾರಿ ನ್ಯಾಯವಾಗಿಯೇ, ಅವನ್ನು ಲಾಟ್ ಆಗಿಯೇ ಮಾಡಿ ಕೊಡುತ್ತಿತ್ತು. ಕೊನೆಗೆ ಆ ಲಾಟ್‌ಗಳನ್ನೆಲ್ಲ ತೆಗೆದುಹಾಕಿ, ಗುಮಾಸ್ತರ ಹಾಳೆಯಿಂದಲೇ ಮೊದಲಿನಿಂದ ತುಂಬಬೇಕಾಯಿತು. ನಾವು ಮೊದಲ ದಿನ ಅನುಮಾನಿಸಿದ್ದ ಆ ಹಾಳೆ ಅವರ ಬಳಿ ಜೋಪಾನವಾಗಿ ಇದ್ದುದರಿಂದಷ್ಟೇ ಅದು ಸಾಧ್ಯವಾಯಿತು.