ಮದ್ದು ಬಿಡುವ ದಿನ ವಾಲಿಮೋಕ್ಷ

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಗಾದೆ ಕಟ್ಟಿದವರಿಗೆ ಅಡಿಕೆ ತೋಟ ಇದ್ದಿರಲಿಕ್ಕಿಲ್ಲ. ಇದ್ದಿದ್ದರೆ ಅದನ್ನೂ ಸೇರಿಸುತ್ತಿದ್ದರು. ಈ ಮಳೆಗಾಲದಲ್ಲಿ ನನ್ನ ತೋಟದ ಎಳೆಯ ಅಡಿಕೆ ರಾಶಿ ರಾಶಿಯಾಗಿ ಉದುರಿದ್ದಕ್ಕೆ ಕೊಳೆರೋಗ ಕಾರಣ ಎಂದು ಬಲ್ಲವರು ಹೇಳುತ್ತಾರೆ. ಹೇಳಲಿ. ನಿಜವಾದ ಕಾರಣ ನಮ್ಮ ಚಾವಡಿಯಲ್ಲಿ ಕಾಲು ಚಾಚಿ ಕುಳಿತಿದೆ. ಅದು ನನ್ನ ಅಕ್ಕನ ಗಂಡ.

ಭಾವ ತಾಳಮದ್ದಲೆಯ ಹವ್ಯಾಸಿ ಅರ್ಥಧಾರಿ. ಘಟ್ಟದ ಮೇಲಿನವರಿಗಾಗಿ ಹೇಳುವುದಾದರೆ, ತಾಳಮದ್ದಲೆ ಎಂದರೆ ವೇಷವೂ ಕುಣಿತವೂ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತವರು ಅದಕ್ಕೆ ಸ್ಥಳದಲ್ಲೇ ಅರ್ಥ ಹೇಳುತ್ತಾ ವಾದಿಸುತ್ತಾರೆ. ಪಂಚೆ, ಶಾಲು, ನಾಲಗೆ: ಬಂಡವಾಳ ಇಷ್ಟೇ. ಅದರ ಬಗ್ಗೆ ನನಗೆ ಗೌರವವಿದೆ. ತೊಂದರೆಯೇನೆಂದರೆ ಭಾವ ಕೂಟ ಮುಗಿದ ಮೇಲೂ ವೇದಿಕೆಯಿಂದ ಇಳಿಯುವುದಿಲ್ಲ. ‘ಚಹಾ ಮಾಡಲಾ, ಕಾಫಿ ಮಾಡಲಾ?’ ಎಂದು ಅಕ್ಕ ಕೇಳಿದರೆ, ‘ಬೇಕು ಎಂಬ ಬಯಕೆ ದೇಹದ್ದೋ, ದೇಹಿಯದ್ದೋ?’ ಎಂದು ಪೀಠಿಕೆ ಹಾಕುತ್ತಾರೆ. ಅದು ಮುಗಿಯುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಯಾರಾದರೂ ಸಾಕು ಎಂದರೆ, ‘ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು, ಮಾತಿಗೆ ಬಡತನವೇ?’ ಎನ್ನುತ್ತಾರೆ. ಹಾಲಿಗೆ ಬಡತನ ಬಂದದ್ದು ಮಾತ್ರ ಅವರ ಗಮನಕ್ಕೆ ಬರುವುದಿಲ್ಲ.

ಇನ್ನು ಮೊನ್ನೆಯ ಕಥೆ. ಮಳೆ ಹೊಳವಾಗಿತ್ತು. ಆಟಿ ತಿಂಗಳಲ್ಲಿ ಅಂಥ ಬಿಸಿಲು ಬಂದರೆ ಅಡಿಕೆ ಬೆಳೆಗಾರ ಮಾಡುವ ಕೆಲಸ ಒಂದೇ, ಮದ್ದು ಬಿಡಿಸುವುದು, ಅಂದರೆ ಮರ ಹತ್ತಿಸಿ ಕೊಳೆರೋಗದ ಔಷಧಿ ಸಿಂಪಡಿಸುವುದು. ಮದ್ದು ಬಿಡುವವರು ಸಿಗಬೇಕಲ್ಲ! ನಾವು ಮದ್ದಿನಣ್ಣ ಎಂದೇ ಕರೆಯುವ ಆ ಮಹಾನುಭಾವರಿಗೆ ಎಷ್ಟೋ ಸಲ ಫೋನ್ ಮಾಡಿ, ಅವರ ಹೆಂಡತಿಯ ಮೂಲಕ ಹೇಳಿ ಕಳುಹಿಸಿ, ಅಂತೂ ದಿನ ಗೊತ್ತಾಗಿತ್ತು. ಬೆಳಗ್ಗೆ ಬೇಗ ಎದ್ದು ನಾನೇ ಬೋರ್ಡೋ ದ್ರಾವಣ ತಯಾರಿಸಿದೆ. ನೂರು ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನವಾಗಿ ಹೊಯ್ದು ಕಲಕಬೇಕು. ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡಿದೆ. ತಾಮ್ರದ ಕೆಂಪು ಹಿಡಿಯಲಿಲ್ಲ, ಸುಣ್ಣ ಸಾಕಾಗಿದೆ ಎಂದರ್ಥ. ಡ್ರಮ್ಮಿನ ತುಂಬ ತಿಳಿನೀಲಿ ಮದ್ದು. ಇದನ್ನು ಅಂದೇ ಬಳಸಿ ಮುಗಿಸಬೇಕು, ನಾಳೆಗೆಂದು ಇಡುವ ಹಾಗಿಲ್ಲ.

ಮದ್ದಿನಣ್ಣ ಅಂಗಳಕ್ಕೆ ಕಾಲಿಟ್ಟರು. ಹಿಂದಿನಿಂದ ಪಂಪು ಹೊತ್ತ ಹುಡುಗ. ‘ಬನ್ನಿ ಬನ್ನಿ’ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಚಾವಡಿಯಿಂದ ಗುಡುಗು ಕೇಳಿಸಿತು.

‘ಬಂದೆಯಾ? ಕರೆದಾಗ ಓಗೊಡದೆ, ಫೋನು ಎತ್ತದೆ, ಮರೆಯಲ್ಲಿ ಅಡಗಿದ್ದು ಈಗ ಮುಖ ತೋರಿಸುವವನೇ, ಇದು ಯಾವ ಸೀಮೆಯ ಧರ್ಮ?’

ನನ್ನ ಎದೆ ಧಸಕ್ಕೆಂದಿತು. ಮರ ಹತ್ತುವವರನ್ನು ಈ ಕಾಲದಲ್ಲಿ ಏಕವಚನದಲ್ಲಿ ಗದರಿದ ಊರು ಉದ್ಧಾರವಾದದ್ದುಂಟೇ? ಮದ್ದಿನಣ್ಣ ಕಾಲಿಗೆ ಹಾಕುವ ತಳೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟರು. ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಹೊರಟೇ ಹೋಗುತ್ತಾರೆ ಎಂದುಕೊಂಡೆ. ಅವರು ಗಂಟಲು ಸರಿಪಡಿಸಿಕೊಂಡರು.

‘ಎಲೈ ವಾಲಿ, ನಾನು ಮರೆಯಲ್ಲಿರಲಿಲ್ಲ, ಮರದಲ್ಲಿದ್ದೆ. ಮರದಲ್ಲಿರುವವನು ಫೋನು ಎತ್ತಿದರೆ ಮರಣ ಯಾರಿಗೆ?’

ಭಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅಕ್ಕನನ್ನು ಮದುವೆಯಾದ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ. ಶಾಲು ಹೊದ್ದು ಜಗಲಿಯ ಅಂಚಿಗೆ ಬಂದು ಕುಳಿತರು. ಮದ್ದಿನಣ್ಣ ಎದುರಿನ ಮೆಟ್ಟಿಲಲ್ಲಿ. ಪಂಪು ಒತ್ತಬೇಕಾದ ಹುಡುಗ ಬಕೆಟ್ ಕವುಚಿ ಹಾಕಿ ಚೆಂಡೆ ಬಾರಿಸತೊಡಗಿದ. ಕೊಟ್ಟ ಮಾತಿಗೆ ತಪ್ಪಿದವನು ರಾಮನಾಗುವುದು ಹೇಗೆ ಎಂದು ಇವರು, ಕಳೆದ ವರ್ಷದ ಸಂಬಳವನ್ನು ಎರಡು ಕಂತಿನಲ್ಲಿ ಕೊಟ್ಟವರಿಗೆ ಧರ್ಮದ ಮಾತೇಕೆ ಎಂದು ಅವರು. ಆ ಬಾಣ ನೇರವಾಗಿ ನನಗೆ ತಾಗಿತು. ‘ಭಾವ, ಬಿಸಿಲು ಹೋಗುತ್ತದೆ’ ಎಂದು ನಡುವೆ ಬಾಯಿ ಹಾಕಿದೆ. ಭಾವ ನನ್ನತ್ತ ತಿರುಗಿಯೂ ನೋಡದೆ ಕೈ ಬೀಸಿದರು.

‘ತಾರೆ, ನೀನು ಒಳಗೆ ನಡೆ.’

ಮೀಸೆ ಹೊತ್ತ ತಾರೆ ಒಳಗೆ ನಡೆದಳು. ಅಡುಗೆಮನೆಯಲ್ಲಿ ಅಕ್ಕ ನಗುತ್ತಾ ನೀರುದೋಸೆ ಎರೆಯುತ್ತಿದ್ದಳು, ಅದೂ ಅವರಿಬ್ಬರಿಗಾಗಿ. ವಾಲಿಗೆ ಮೋಕ್ಷ ಸಿಗುವ ಲಕ್ಷಣ ಕಾಣಲಿಲ್ಲ. ಪಡುಗಡಲ ಕಡೆಯಿಂದ ಮೋಡ ಎದ್ದಿತು, ಮಳೆ ಹೊಯ್ಯಿತು. ಡ್ರಮ್ಮಿನಷ್ಟು ಮದ್ದನ್ನು ನಾನೇ ಚೆಲ್ಲಿದೆ. ಮದ್ದಿನಣ್ಣ ಅರ್ಧ ದಿನದ ಸಂಬಳವನ್ನೂ ಆರು ದೋಸೆಯನ್ನೂ ಪಡೆದು, ಕೈಮುಗಿದು ಹೊರಟರು. ಆ ನಮಸ್ಕಾರವೂ ಭಾವನಿಗೇ.

ರಾತ್ರಿ ನಾನು ಸಿಡುಕುತ್ತಿದ್ದಾಗ ಅಕ್ಕ ಹೇಳಿದಳು, ‘ಅವರೆದುರು ಕುಳಿತು ಅರ್ಥ ಹೇಳುತ್ತಿದ್ದವರು ಈಗ ಯಾರಿದ್ದಾರೆ ಹೇಳು.’ ಯೋಚಿಸಿದೆ. ಒಬ್ಬರು ತೀರಿಕೊಂಡರು, ಇನ್ನೊಬ್ಬರು ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯೂ ಈ ಚಾವಡಿಯಲ್ಲಿ ಕೂಟ ನಿಂತಿರಲಿಲ್ಲವಂತೆ. ಈಗ ಮೊಮ್ಮಕ್ಕಳಿಗೆ ಅಜ್ಜನ ಕನ್ನಡ ಅರ್ಧವೂ ತಲೆಗೆ ಹೋಗುವುದಿಲ್ಲ. ಮನೆಯಲ್ಲಿ ಮಲಯಾಳ, ತೋಟದಲ್ಲಿ ತುಳು ಆಡುವ ಮದ್ದಿನಣ್ಣ ಮಾತ್ರ ಅರ್ಥ ಹೇಳಲು ಕನ್ನಡವನ್ನು ಉಳಿಸಿಕೊಂಡಿದ್ದಾರೆ. ಒಂದು ಕ್ಷಣ ಮನಸ್ಸು ಕರಗಿತು. ಬೆಳಗ್ಗೆ ಮರದ ಬುಡದಲ್ಲಿ ಬಿದ್ದ ಅಡಿಕೆ ನೋಡಿದ ಮೇಲೆ ಮತ್ತೆ ಗಟ್ಟಿಯಾಯಿತು.

ನಿನ್ನೆ ಫೋನ್ ಮಾಡಿದೆ. ಆಶ್ಚರ್ಯ, ಮೊದಲ ಕರೆಗೇ ಎತ್ತಿದರು.

‘ಶುಕ್ರವಾರ ಬನ್ನಿ. ಭಾವನನ್ನು ಮಧೂರು ದೇವಸ್ಥಾನಕ್ಕೆ ಕಳುಹಿಸಿಬಿಡುತ್ತೇನೆ. ನಿಮಗೆ ಯಾವ ಉಪದ್ರವವೂ ಇರುವುದಿಲ್ಲ.’

‘ಹಾಗಾದರೆ ಶನಿವಾರ ನೋಡುವ,’ ಎಂದರು ಮದ್ದಿನಣ್ಣ. ‘ಅವರ ಕೊನೆಯ ಪ್ರಶ್ನೆಗೆ ಉತ್ತರ ಬಾಕಿ ಇದೆ. ಮರದ ಮೇಲೆ ಕುಳಿತು ಯೋಚಿಸಿ ಇಟ್ಟಿದ್ದೇನೆ.’