ಗಿಟುಕಿನ ಸದ್ದು

ತಿಪಟೂರಿನ ಹತ್ತಿರ ಇರುವ ಅತ್ತೆ ಮನೆಗೆ ಹೋಗಿ ಬಂದ ಮಾರನೇ ದಿನ. ಏಪ್ರಿಲ್ ಬಿಸಿಲು. ಕಾರಿನ ಎಸಿ ಹಾಕಿದ ಕೂಡಲೇ ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಟಿಕ್ ಟಿಕ್ ಎಂದು ಶುರುವಾಯಿತು.

"ರೀ, ಇಂಡಿಕೇಟರ್ ಆಫ್ ಮಾಡಿ" ಎಂದಳು ಹೆಂಡತಿ.

ಇಂಡಿಕೇಟರ್ ಆಫ್ ಆಗೇ ಇತ್ತು. ಕಾರಿನ ಎಲ್ಲ ಕಾಯಿಲೆಗೂ ನಾನು ಮೊದಲು ಕೊಡುವ ಔಷಧ ಒಂದೇ, ಎಫ್‌ಎಂ ಜೋರು ಮಾಡುವುದು. ಎರಡು ದಿನ ಅದರಲ್ಲೇ ಕಳೆಯಿತು. ಮೂರನೇ ದಿನ ಫ್ಯಾನನ್ನು ನಾಲ್ಕಕ್ಕೆ ತಿರುಗಿಸಿದೆ. ಟಿಕ್ ಟಿಕ್ ಹೋಗಿ ತರ್‍ರ್‍ರ್ ಆಯಿತು. ಬಾಲ್ಯದಲ್ಲಿ ಸೈಕಲ್ ಚಕ್ರಕ್ಕೆ ರಟ್ಟು ಸಿಕ್ಕಿಸಿ ಓಡಿಸುತ್ತಿದ್ದೆವಲ್ಲ, ಥೇಟ್ ಅದೇ ಸದ್ದು.

ಒಂದು ಸಲ ಕಿವಿ ಚುರುಕಾದರೆ ಆಮೇಲೆ ನೆಮ್ಮದಿ ಇಲ್ಲ. ಐದು ವರ್ಷದಿಂದ ಬರುತ್ತಿದ್ದ ಸದ್ದುಗಳೆಲ್ಲ ಹೊಸದಾಗಿ ಕೇಳತೊಡಗಿದವು. ಎಸಿ ಗುಂಡಿ ಒತ್ತಿದರೆ ಬಾನೆಟ್ ಒಳಗೆ ಟಕ್. ಅದು ಕಂಪ್ರೆಸರ್ ಕ್ಲಚ್ ಹಿಡಿಯುವ ಸದ್ದು, ಆರೋಗ್ಯದ ಲಕ್ಷಣ. ಗಾಡಿ ಆಫ್ ಮಾಡಿದ ಮೇಲೆ ಬುಸ್ಸ್. ಅದೂ ಅಷ್ಟೇ, ಪೈಪುಗಳ ಒಳಗೆ ಗ್ಯಾಸಿನ ಒತ್ತಡ ಎರಡೂ ಕಡೆ ಸಮ ಆಗುವಾಗ ಬರುವ ನಿಟ್ಟುಸಿರು. ಇದೆಲ್ಲ ಈಗ ಗೊತ್ತು. ಆವತ್ತು ಗೊತ್ತಿರಲಿಲ್ಲ. ಗಾಡಿಯನ್ನು ಊರಲ್ಲಿ ತೋಟದ ಪಕ್ಕ ಎರಡು ರಾತ್ರಿ ನಿಲ್ಲಿಸಿದ್ದೆ ಬೇರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಟಾರ್ಚ್ ಹಿಡಿದು ಸೀಟಿನ ಕೆಳಗೆ ಹಾವು ಹುಡುಕಿದೆ. ವಾಚ್‌ಮನ್ನೂ ಜೊತೆಗೆ ಹುಡುಕಿದ, ಮೂರು ಮಾರು ದೂರದಲ್ಲಿ ನಿಂತು.

ಸರಿ, ಸರ್ವಿಸ್ ಸೆಂಟರಿಗೆ ಹೋದೆ. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯ ಆಗುವ ಹಾಗೆ ಸದ್ದು ಗೇಟಿನಲ್ಲೇ ನಿಂತುಹೋಯಿತು.

"ಯಾವ ತರ ಸೌಂಡು ಸಾರ್?" ಅಂದ ಅಲ್ಲಿನ ಹುಡುಗ.

ಹೈಸ್ಕೂಲಿನಲ್ಲಿ ಅನುಕರಣಾವ್ಯಯ ಬಾಯಿಪಾಠ ಮಾಡಿದ್ದು ಇದಕ್ಕೇ ಇರಬೇಕು. ಗಂಟಲು ಸರಿಮಾಡಿಕೊಂಡು ಟಿಕ್ ಟಿಕ್ ಅಂದೆ. ಆಮೇಲೆ ತರ್‍ರ್‍ರ್ ಅಂದೆ. ಪಕ್ಕದಲ್ಲಿ ಬಿಲ್ ಕಟ್ಟುತ್ತಿದ್ದ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. ಹುಡುಗ ಗಂಭೀರವಾಗಿ ಎಲ್ಲ ಬರೆದುಕೊಂಡ. ಅರ್ಧ ಗಂಟೆ ಬಿಟ್ಟು ಬಂದು, "ಕಂಪ್ರೆಸರ್ ಹೋಗಿದೆ ಸಾರ್, 24 ಸಾವಿರ ಆಗತ್ತೆ" ಅಂದ. ಮನೇಲಿ ಕೇಳಿ ಹೇಳ್ತೀನಿ ಅಂತ ಹೊರಟೆ. ಗೇಟು ದಾಟುತ್ತಿದ್ದ ಹಾಗೇ ಟಿಕ್ ಟಿಕ್ ವಾಪಸ್ ಬಂತು.

ಹೆಂಡತಿ ಊರಿಗೆ ಫೋನ್ ಮಾಡಿದಳು. ನಮ್ಮ ಮಾವನಿಗೆ ಕಾರಿನ ಗಂಧಗಾಳಿ ಇಲ್ಲ. ಆದರೆ ಸದ್ದು ಗೊತ್ತು. ಆ ಕಡೆ ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತಾರೆ, ನೀರು ಇಂಗಿ ಕೊಬ್ಬರಿ ಆಗಲಿ ಅಂತ. ಆಯಿತೋ ಇಲ್ಲವೋ ಅಂತ ಒಡೆದು ನೋಡುವ ಹಾಗಿಲ್ಲ. ಮಾವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಕ್ ಅಂದರೆ ಇನ್ನೂ ನೀರಿದೆ. ಗಡಗಡ ಅಂದರೆ ಗಿಟುಕು, ಅಂದರೆ ಒಳಗಿನ ಇಡೀ ಕೊಬ್ಬರಿ, ಚಿಪ್ಪು ಬಿಟ್ಟಿದೆ.

"ಫೋನ್ ಹತ್ರ ಹಿಡಿ ನೋಡನ" ಅಂದರು. ಹಿಡಿದಳು.

"ಇದು ನೀರಿನ ಸದ್ದಲ್ಲ. ಒಳಗೇನೋ ಬಿಡಿಯಾಗೈತೆ."

ನಾನು ನಕ್ಕೆ. ಹೆಂಡತಿ ನಗಲಿಲ್ಲ.

ಮಾರನೇ ದಿನ ಬರೀ ಎಸಿ ಕೆಲಸ ಮಾಡುವ ಒಂದು ಸಣ್ಣ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ನನ್ನಿಂದ ಮಿಮಿಕ್ರಿ ಮಾಡಿಸಲಿಲ್ಲ. ಎಸಿ ಗುಂಡಿ ಆಫ್ ಮಾಡಿ ಬರೀ ಫ್ಯಾನ್ ಬಿಟ್ಟ. ಸದ್ದು ಇದ್ದೇ ಇತ್ತು. "ಕಂಪ್ರೆಸರ್ ನಿಂತಿದೆ ಸಾರ್. ನಿಂತಿರೋದು ಹೆಂಗೆ ಸದ್ದು ಮಾಡತ್ತೆ?" ಆಕ್ಸಿಲರೇಟರ್ ಒತ್ತಿದ. ಸದ್ದು ಜಾಸ್ತಿ ಆಗಲಿಲ್ಲ. ಫ್ಯಾನ್ ಏರಿಸಿದ, ಸದ್ದೂ ಏರಿತು. "ಬ್ಲೋವರ್" ಅಂದ. ಅಷ್ಟಕ್ಕೆ ಎರಡು ನಿಮಿಷ ಹಿಡಿದಿರಬಹುದು.

ಗ್ಲೋವ್ ಬಾಕ್ಸ್ ಬಿಚ್ಚಿದ. ಅದರ ಹಿಂದಿದ್ದ ಫಿಲ್ಟರಿನ ಒಂದು ಮೂಲೆ ಕಡಿದು ಹತ್ತಿಯಾಗಿತ್ತು. ಬ್ಲೋವರ್ ಹೊರಗೆ ಬಂತು. ಸುತ್ತ ಸಣ್ಣ ಸಣ್ಣ ರೆಕ್ಕೆಗಳಿರುವ ದುಂಡನೆ ಚಕ್ರ. ಇಂಗ್ಲಿಷಿನವರು ಇಂಥದಕ್ಕೆ ಅಳಿಲಿನ ಪಂಜರ ಅಂತ ಹೆಸರಿಟ್ಟಿದ್ದಾರಂತೆ. ಅಳಿಲಿನ ಅಣ್ಣತಮ್ಮ ಯಾರೋ ಸ್ವಂತ ಮನೆ ಅಂದುಕೊಂಡು ಬಂದುಹೋಗಿದ್ದ. ಚಕ್ರವನ್ನು ತಲೆಕೆಳಗು ಮಾಡಿ ತಟ್ಟಿದಾಗ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚೂರೊಂದು ಅಂಗೈಗೆ ಬಿತ್ತು. ಒಂದು ಕಡೆ ಕಂದು, ಒಂದು ಕಡೆ ಬಿಳಿ, ಅಂಚಿನ ತುಂಬ ಹಲ್ಲಿನ ಗುರುತು.

ಹೆಂಡತಿ ಮೂಸಿ ನೋಡಿದಳು. "ನಮ್ಮನೆ ಕೊಬ್ಬರಿ" ಎಂದಳು, ಸ್ವಲ್ಪ ಹೆಮ್ಮೆಯಿಂದಲೇ.

ಹೊಸ ಫಿಲ್ಟರೂ ಸೇರಿ 700 ರೂಪಾಯಿ ಆಯಿತು. ಮಾವನಿಗೆ ವಿಷಯ ತಿಳಿಸೋಣ ಅಂತ ಫೋನ್ ಮಾಡಿದರೆ ಅತ್ತೆ ಎತ್ತಿಕೊಂಡರು. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದಕ್ಕೇ ಅಳಿಯಂದ್ರೆ, ನೀವು ಹೋದಾಗಿಂದ ನಮ್ಮ ಅಟ್ಟದಾಗೆ ಇಲಿ ಸದ್ದೇ ಇಲ್ಲ!"