ಪರ್ಸೆಂಟ್ ಬಿಡಿ, ನಿಮಿಷ ಲೆಕ್ಕ ಹಾಕಿ

ಕಂಪ್ಯೂಟರಿನ ವಿಮಾನ ಸಿಮ್ಯುಲೇಟರ್‌ನಲ್ಲಿ ಮಸ್ಟಾಂಗ್ (ಎರಡನೇ ಮಹಾಯುದ್ಧದ ಅಮೆರಿಕನ್ ಫೈಟರ್ ವಿಮಾನ) ತಿರುಗುವುದೇ ಇಲ್ಲ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ಟ್ಯಾಂಕ್ ಎಷ್ಟು ತುಂಬಿಸಿಕೊಂಡು ಹೋಗಿದ್ರಿ?

ನಾನೂ ಒಂದು ವರ್ಷ ಅದೇ ದೂರು ಹೇಳಿಕೊಂಡು ಓಡಾಡಿದವನು, ಅದಕ್ಕೇ ಕೇಳ್ತಿದ್ದೇನೆ. ಮಲ್ಪೆಯಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ, ಆಳ ಸಮುದ್ರದ ಬೋಟಿಗೆ ಹೋಗುವವನು. ಜೂನ್, ಜುಲೈಯಲ್ಲಿ 61 ದಿನ ಮೀನುಗಾರಿಕೆ ಬಂದ್ ಅಲ್ವಾ, ಆಗ ರಾತ್ರಿ ಊಟ ಆದ ಮೇಲೆ ಅವನು ಅಲ್ಲಿಂದ, ನಾನು ಉಡುಪಿಯಿಂದ, ಡಿಸಿಎಸ್ ಅನ್ನೋ ಸಿಮ್ಯುಲೇಟರ್‌ನಲ್ಲಿ ಹಾರಾಟ. ಹೆಡ್‌ಫೋನಿನಲ್ಲಿ ಅವನ ಮನೆ ಹಂಚಿನ ಮೇಲೆ ಬೀಳುವ ಮಳೆ ಸದ್ದೂ ಕೇಳ್ತದೆ. ಅವನದು ಜರ್ಮನ್ ಫೈಟರ್ ಮೆಸ್ಸರ್‌ಸ್ಮಿಟ್ 109, ನನ್ನದು ಪಿ-51ಡಿ, ಅಂದ್ರೆ ಮಸ್ಟಾಂಗ್. ಒಂದು ರಾತ್ರಿ ಸಾಲಾಗಿ ನಾಲ್ಕು ಸಲ ಬಿದ್ದೆ. ಅವನ ಹಿಂದೆ ಸ್ವಲ್ಪ ಗಟ್ಟಿಯಾಗಿ ಸ್ಟಿಕ್ ಎಳೆದರೆ ಸಾಕು, ನಾನು ಕೇಳಿದ್ದಕ್ಕಿಂತ ಜಾಸ್ತಿ ಮೂಗು ಒಳಗೆ ಹೋಗುತ್ತಿತ್ತು, ಒಂದು ರೆಕ್ಕೆ ಮಗುಚುತ್ತಿತ್ತು, ಆಮೇಲೆ ಸ್ಪಿನ್, ಅಂದ್ರೆ ಗಿರಗಿರ ತಿರುಗುತ್ತಾ ಕೆಳಕ್ಕೆ. ಕಾರಣ ಹುಡುಕುತ್ತಾ ಟ್ಯಾಂಕ್ ಫುಲ್ ಇದೆ ಅಂದೆ. ಅವನು ಕೇಳಿದ್ದು ಎಷ್ಟು ಲೀಟರ್ ಅಂತ ಅಲ್ಲ. "ಫುಲ್ ಅಂದ್ರೆ ಎಲ್ಲೆಲ್ಲಿ ಉಂಟು ಅದು?"

ಬೋಟಿನವನ ಪ್ರಶ್ನೆ ಮಾರಾಯ್ರೆ. ಡೀಸೆಲ್, ಐಸ್ ತುಂಬಿಸಿ ಕಡಲಿಗೆ ಇಳಿಯುವವರಿಗೆ ಭಾರ ಎಷ್ಟು ಅನ್ನೋದಕ್ಕಿಂತ ಭಾರ ಎಲ್ಲಿ ಕೂತಿದೆ ಅನ್ನೋದು ಮೊದಲು ಗೊತ್ತಾಗಬೇಕು.

ಪಿ-51ಡಿಯಲ್ಲಿ ಎರಡು ರೆಕ್ಕೆಗಳಲ್ಲಿ 92, 92 ಗ್ಯಾಲನ್. ಪೈಲಟ್ ಬೆನ್ನ ಹಿಂದೆ ಇನ್ನೊಂದು 85. ಒಟ್ಟು 269 ಅಮೆರಿಕನ್ ಗ್ಯಾಲನ್, ಅಂದ್ರೆ ಸಾವಿರ ಲೀಟರಿಗೆ ಸ್ವಲ್ಪ ಜಾಸ್ತಿ. ಆ ಹಿಂದಿನ ಟ್ಯಾಂಕ್ ಒಂದರದ್ದೇ 230 ಕೆಜಿ ಪೆಟ್ರೋಲ್. ಅದು ತುಂಬಿದ್ದರೆ ವಿಮಾನದ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಎಳೆದಾಗ ಮೂಗು ತಡೆಯುವುದೇ ಇಲ್ಲ. 1944ರಲ್ಲಿ ಇಂಗ್ಲೆಂಡಿನಿಂದ ಬರ್ಲಿನ್‌ಗೆ ಹೋಗುತ್ತಿದ್ದ ಪೈಲಟ್‌ಗಳು ಶತ್ರು ಎದುರಾಗುವ ಮೊದಲೇ ಈ ಟ್ಯಾಂಕಿನ ಬಹುಪಾಲು ಖರ್ಚು ಮಾಡುತ್ತಿದ್ದರು. ನಾವು ಮಾತ್ರ ಅದನ್ನು ತುಂಬಿಸಿಕೊಂಡು, ಹತ್ತೇ ನಿಮಿಷದಲ್ಲಿ ಜಗಳಕ್ಕೆ ಇಳೀತೇವೆ. ಡಿಸಿಎಸ್‌ನಲ್ಲಿ ಇಂಧನದ ಸ್ಲೈಡರ್ 68 ಪರ್ಸೆಂಟಿಗೆ ನಿಲ್ಲಿಸಿ. ರೆಕ್ಕೆ ಎರಡೂ ಫುಲ್, ಹಿಂದಿನದು ಖಾಲಿ. ಆ ರಾತ್ರಿ ಐದನೇ ಸಲ ಹಾಗೇ ಮಾಡಿದೆ. ಅದೇ ಸ್ಟಿಕ್, ಅದೇ ಕೈ, ಸ್ಪಿನ್ ಇಲ್ಲ.

ಇನ್ನು ಇದಕ್ಕೆ ಉಲ್ಟಾ ಸಲಹೆ. ಹೊಸಬರಿಗೆ ಎಲ್ಲರೂ "25 ಪರ್ಸೆಂಟ್ ಹಾಕ್ಕೊಂಡು ಹೋಗು" ಅಂತಾರೆ. ಯಾವ ವಿಮಾನದ 25? 109ರ ಟ್ಯಾಂಕ್ ಇರೋದೇ 400 ಲೀಟರ್, ಕಾಲು ಭಾಗ ಅಂದ್ರೆ 100. ಫುಲ್ ಥ್ರಾಟಲ್‌ನಲ್ಲಿ ಅದು ಕಾಲು ಗಂಟೆಯ ಆಟ. ಮಸ್ಟಾಂಗಿನ ಕಾಲು ಭಾಗ 250 ಲೀಟರ್ ದಾಟುತ್ತದೆ. ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ 9ರ ಟ್ಯಾಂಕ್ ಪೂರ್ತಿ ತುಂಬಿಸಿದರೂ 386 ಲೀಟರ್ ಅಷ್ಟೇ, ಮಸ್ಟಾಂಗಿನ ಅರ್ಧವೂ ಅಲ್ಲ. ಎರಡನ್ನೂ ಫುಲ್ ಮಾಡಿ ಯಾವುದು ಚೆನ್ನಾಗಿ ತಿರುಗುತ್ತದೆ ಅಂತ ಹೋಲಿಸೋದು ನ್ಯಾಯವೇ ಅಲ್ಲ.

ಹಗುರ ಆದರೆ ಲಾಭ ಇದೆ, ಇಲ್ಲ ಅನ್ನಲ್ಲ. ಮಸ್ಟಾಂಗ್ ನೂರರ ಬದಲು ಇಪ್ಪತ್ತೈದರಲ್ಲಿ ಹೊರಟರೆ ಸುಮಾರು 550 ಕೆಜಿ ಕಡಿಮೆ, ಅಂದ್ರೆ ನಾಲ್ಕೂವರೆ ಟನ್ ವಿಮಾನದ ಎಂಟನೇ ಒಂದು ಭಾಗ. ನಿಧಾನ ವೇಗದಲ್ಲಿ ರೆಕ್ಕೆಯ ಪೂರ್ತಿ ಬಲ ಹಾಕಿ ತಿರುಗುವಾಗ ಸುತ್ತಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ ಚಿಕ್ಕದಾಗುತ್ತದೆ, ಮೇಲಕ್ಕೆ ಏರುವುದೂ ಚುರುಕು. ಟಾಪ್ ಸ್ಪೀಡ್ ಮಾತ್ರ ಅಷ್ಟೇನೂ ಬದಲಾಗಲ್ಲ. ನೇರ ಬಂದು ಹೊಡೆದು ನೇರ ಹೋಗುವವನಿಗೆ ಅಷ್ಟು ಹಗುರ ಯಾಕೆ ಬೇಕು? ಅವನಿಗೆ ಬೇಕಾದ್ದು ಮೇಲೆ ಏರಿ ಕಾಯುವ ಸಮಯ.

ಅದಕ್ಕೇ ನಾನೀಗ ಪರ್ಸೆಂಟ್ ನೋಡಲ್ಲ. ಹೋಗಲು ಎಷ್ಟು ನಿಮಿಷ, ಜಗಳಕ್ಕೆ ಎಷ್ಟು, ವಾಪಸ್ ಬರಲು ಎಷ್ಟು, ಇಷ್ಟನ್ನು ಲೀಟರ್‌ಗೆ ತಿರುಗಿಸಿ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿಕೊಳ್ಳುತ್ತೇನೆ.

ಮೊನ್ನೆ ಗೆಳೆಯ ಇಪ್ಪತ್ತೈದರಲ್ಲೇ ಬಂದ. ಮೊದಲ ಐದು ನಿಮಿಷ ಅವನ ಬಾಲ ಹಿಡಿಯೋದು ನನ್ನಿಂದಾಗಲಿಲ್ಲ. ತಿರುಗುವುದು ಬಿಟ್ಟೆ, ಮೇಲೆ ಏರಿದೆ, ಅಲ್ಲೇ ಸುತ್ತು ಹಾಕಿದೆ. ಸ್ವಲ್ಪ ಹೊತ್ತಿಗೆ ಹೆಡ್‌ಫೋನಿನಲ್ಲಿ ಅವನ ದನಿ: "ಕೆಂಪು ದೀಪ ಬಂತು ಮಾರಾಯ, ನಾನು ಹೋಗ್ತೇನೆ." ಅವನು ಮೂಗು ಮನೆ ಕಡೆ ತಿರುಗಿಸಿದ. ನನ್ನ ಚೀಟಿಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು.